ಹದಿನಾರರ ಮೇಲೆ ವಿಮೆ

“ಈ ಇಸ್ಪೀಟೆಲೆಗಳಿಗೆ ನನ್ನ ಮೇಲೆ ಯಾಕಿಷ್ಟು ಸಿಟ್ಟೋ?”

ವರ್ನಾ ಹೋಲ್ಕಂಬ್ ಇದನ್ನು ಯಾರನ್ನೂ ಕೇಳಲಿಲ್ಲ. ಹಸಿರು ಮೇಜಿನ ಮೇಲಿನ ಗಾಳಿಗೆ ಕೇಳಿದಳು. ರೀನೋ ಊರಿನ ಈ ಜೂಜುಮನೆಯಲ್ಲಿ ಅವಳು ಮರೆಗುಳಿ ಮುದುಕಿ. ಮಡಿಲಲ್ಲಿ ಹೆಣಿಗೆಯ ಚೀಲ, ಬಾಯಲ್ಲಿ ನಿಲ್ಲದ ಹರಟೆ. ತಲೆಯೊಳಗೆ ನಡೆಯುತ್ತಿದ್ದದ್ದೇ ಬೇರೆ. ಆಟದಲ್ಲಿ ಸಣ್ಣ ಎಲೆ ಬಿದ್ದು ಹೋದರೆ ಒಂದು ಕೂಡು, ದೊಡ್ಡದು ಹೋದರೆ ಒಂದು ಕಳೆ. ಚಿಕ್ಕಂದಿನಲ್ಲಿ ಊಟಕ್ಕೆ ಮುಂಚೆ ಅಪ್ಪ ಓದುತ್ತಿದ್ದ ಬೈಬಲಿನ ಕೀರ್ತನೆಗಳ ಏರಿಳಿತದಲ್ಲೇ ಆ ಲೆಕ್ಕ ತಾನಾಗಿ ಸಾಗುತ್ತಿತ್ತು. ಕಟ್ಟಿನಲ್ಲಿ ದೊಡ್ಡ ಎಲೆ ಹೆಚ್ಚು ಉಳಿದಾಗ ಪಣ ಏರಿಸುವಳು, ಇಲ್ಲದಾಗ ಹರಟುವಳು. ಇದು ಮೋಸವಲ್ಲ. ಆದರೂ ಬ್ಲ್ಯಾಕ್‌ಜಾಕ್ ಆಟವನ್ನು ಹೀಗೆ ಆಡುವವರನ್ನು ಯಾವ ಜೂಜುಮನೆಯೂ ಕೂರಗೊಡುವುದಿಲ್ಲ. ಊರಿನ ಉಳಿದ ಜೂಜುಮನೆಗಳು ಅವಳನ್ನು ಆಗಲೇ ಹೊರಗೆ ಹಾಕಿದ್ದವು; ಹೆಸರೊಂದು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಸಿಕ್ಕಿದರೆ ಅದು ಊರೂರಿನ ಜೂಜುಮನೆಗಳಿಗೆ ಹೋಗುತ್ತದೆ, ಆಮೇಲೆ ಅವಳಿಗೆ ಎಲ್ಲಿಯೂ ಕುರ್ಚಿಯಿಲ್ಲ. ಬೇರೆ ಅನ್ನವೂ ಇಲ್ಲ.

“ನಿನ್ನೆ ಎಲೆಗೆ ಮುತ್ತು ಕೊಟ್ರಲ್ಲ ಮೇಡಂ, ಅದಕ್ಕೇ ಹೆದರಿಕೊಂಡಿವೆ,” ಎಂದಳು ಎಲೆ ಹಂಚುವ ಲಿಗಾಯಾ.

“ನನ್ನ ಎಲೆಗೂ ಒಂದು ಕೊಡಿ ಅಮ್ಮಾವ್ರೇ, ಬೇಡ ಅನ್ನಲ್ಲ,” ಎಂದು ಪಕ್ಕದ ಕುರ್ಚಿಯವನು ನಕ್ಕ.

ಹೊಸಬ. ಅಗಲ ಅಂಚಿನ ಟೋಪಿ, ಮುಂದೊಂದು ವಿಸ್ಕಿ ಲೋಟ. ಬಂದಾಗ ಎಷ್ಟಿತ್ತೋ ಲೋಟದಲ್ಲಿ ಈಗಲೂ ಅಷ್ಟೇ ಇತ್ತು. ಲಿಗಾಯಾ ಎಲೆ ಬಾಚಿಕೊಳ್ಳುವಾಗ ಎಲ್ಲರೂ ತಮ್ಮ ಪಣದ ಬಿಲ್ಲೆಗಳನ್ನು ನೋಡಿಕೊಂಡರೆ, ಇವನು ಎಲೆಗಳನ್ನೇ ನೋಡುತ್ತಿದ್ದ. ಜೂಜುಮನೆಯವರೇ ಕೂರಿಸಿದ ಬೇಹಿನವನೇ?

“ಕುಡಿಯಪ್ಪಾ, ಐಸೆಲ್ಲ ಕರಗಿ ನೀರಾಯ್ತು,” ಎಂದಳು ವರ್ನಾ.

“ಡಾಕ್ಟ್ರು ಬೇಡ ಅಂದಿದಾರೆ.”

“ಹಾಗಾದ್ರೆ ತರಿಸಿದ್ಯಾಕೆ?”

“ಕೈಗೊಂದು ಜೊತೆ ಬೇಕಲ್ಲ ಅಮ್ಮಾವ್ರೇ.”

ಉತ್ತರ ತೀರಾ ಸಲೀಸಾಗಿ ಬಂತು. ಅವನ ಬೆನ್ನ ಹಿಂದೆ ಮೇಜುಗಳ ಮೇಲ್ವಿಚಾರಕ ಡುಫ್ರೇನ್ ಕೈಕಟ್ಟಿ ನಿಂತಿದ್ದ. ಇಬ್ಬರ ನಡುವೆ ಸನ್ನೆ ಏನಾದರೂ ಓಡಾಡುತ್ತಿದೆಯೇ ಎಂದು ವರ್ನಾ ಕಣ್ಣಂಚಿನಲ್ಲೇ ಕಾಯುತ್ತಿದ್ದಳು. ಒಳಗಿನ ಲೆಕ್ಕ ಏರುತ್ತಲೇ ಇತ್ತು. ಕಟ್ಟಿನಲ್ಲಿ ಉಳಿದದ್ದು ಹೆಚ್ಚಾಗಿ ಹತ್ತು, ಗುಲಾಮ, ರಾಣಿ, ರಾಜ.

ಲಿಗಾಯಾ ತನ್ನ ಮುಂದೆ ಎಕ್ಕ ತೆರೆದಿಟ್ಟಳು. “ಇನ್ಶೂರೆನ್ಸ್ ಯಾರಿಗೆ ಬೇಕು?”

ಹಂಚುವವಳ ಎಕ್ಕದ ಜೊತೆಗಿರುವ ಮುಚ್ಚಿದ ಎಲೆ ದೊಡ್ಡದಾಗಿದ್ದರೆ ಆಡುವವರು ಸೋಲುತ್ತಾರೆ; ಆ ಸೋಲಿಗೆ ಕಟ್ಟುವ ವಿಮೆ ಅದು. ತಮ್ಮ ಕೈ ಚೆನ್ನಾಗಿದ್ದವರು ಅದನ್ನು ಉಳಿಸಿಕೊಳ್ಳಲು ಕಟ್ಟುತ್ತಾರೆ. ವರ್ನಾಳ ಕೈಯಲ್ಲಿದ್ದದ್ದು ಬರೀ ಹದಿನಾರು, ಇಪ್ಪತ್ತೊಂದರ ಹತ್ತಿರ ಹೋಗಬೇಕಾದ ಈ ಆಟದಲ್ಲಿ ಸೋಲುವ ಕೈ. ಅದಕ್ಕೆ ಕಟ್ಟುವವರು ಒಬ್ಬರೇ, ಕಟ್ಟಿನಲ್ಲಿ ಏನು ಉಳಿದಿದೆಯೆಂದು ಬಲ್ಲವರು. ಟೋಪಿಯವನು ಕಟ್ಟುತ್ತಾನೋ ಎಂದು ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಬೆರಳುಗಳೇ ಲೆಕ್ಕದ ಮಾತು ಕೇಳಿ ಬಿಲ್ಲೆಗಳನ್ನು ವಿಮೆಯ ಗೆರೆಯ ಮೇಲೆ ಇಟ್ಟುಬಿಟ್ಟವು.

ಮುಚ್ಚಿದ ಎಲೆ ರಾಜ. ವಿಮೆ ಗೆದ್ದಿತು. ಲಿಗಾಯಾಳ ನಗು ಅರ್ಧಕ್ಕೇ ನಿಂತಿತು.

“ವಿಮೆ ಅಂದ್ರೆ ಎಲ್ಲದಕ್ಕೂ ಮಾಡಿಸ್ಬೇಕು ಅಂತ ನಮ್ಮನೆಯವ್ರು ಹೇಳ್ತಿದ್ರಪ್ಪ,” ಎಂದಳು ವರ್ನಾ. ಯಾರೂ ನಗಲಿಲ್ಲ.

ಡುಫ್ರೇನ್ ಫೋನ್ ಎತ್ತಿಕೊಂಡ. ಅದನ್ನು ಕಂಡದ್ದೇ ಟೋಪಿಯವನು ಬಿಲ್ಲೆಗಳನ್ನು ಜೇಬಿಗೆ ತುಂಬಿಕೊಂಡು ಎದ್ದು ಹೋದ. ತುಂಬಿದ ಲೋಟ ಅಲ್ಲೇ ಉಳಿಯಿತು.

ಡುಫ್ರೇನ್ ಬಂದು ಅವಳ ಕುರ್ಚಿಯ ಪಕ್ಕ ಬಾಗಿದ. “ಆ ಟೋಪಿಯವನು ನಿಮ್ಮ ಜೊತೆಯವನಾ ಮೇಡಂ?”

“ಅವನು ನಿಮ್ಮವನು ಅಂತ ನಾನಂದ್ಕೊಂಡಿದ್ದೆ.”

“ನಮ್ಮವನಲ್ಲ. ಬೆಳಿಗ್ಗೆಯಿಂದ ಅವನ ಮೇಲೇ ಕಣ್ಣಿಟ್ಟಿದ್ವಿ. ಎಲೆ ಎಣಿಸ್ತಾನೆ ಅಂತ ಅನುಮಾನ ಇತ್ತು.” ಅವನ ದನಿ ಇನ್ನಷ್ಟು ಮೆತ್ತಗಾಯಿತು. “ಆ ವಿಮೆ ಕಟ್ಟೋವರೆಗೂ ನಿಮ್ಮ ಕಡೆ ಯಾರೂ ನೋಡಿರಲಿಲ್ಲ. ನೀವು ಇಲ್ಲಿ ಬೇರೆ ಯಾವ ಆಟ ಬೇಕಾದ್ರೂ ಆಡಿ, ಇದೊಂದು ಬೇಡ. ಮತ್ತೆ, ನಿಮ್ಮ ಗುರುತಿನ ಚೀಟಿ ಒಂದ್ನಿಮಿಷ ತೋರಿಸ್ತೀರಾ? ಸುಮ್ನೆ, ಹೆಸರು ಬರ್ಕೊಳ್ಳೋಕೆ.”

ವರ್ನಾ ಹೆಣಿಗೆಯ ಚೀಲದ ದಾರ ಬಿಗಿದು ಎದ್ದು ನಿಂತಳು. ಮರೆಗುಳಿ ಮುದುಕಿಯ ದನಿ ಎಲ್ಲೋ ಹೋಗಿತ್ತು.

“ತೋರಿಸಲ್ಲ,” ಎಂದಳು.