ಅಜವಾನದ ಹೂವು

ನಮ್ಮ ಮಾವ ಹುಲ್ಲಪ್ಪನವರ ಹಟ ಅಂದರೆ ಹಟ. ಬೀರಪ್ಪ ದೇವರ ಹೆಸರಲ್ಲಿ ಬಿಟ್ಟ ಟಗರಿನ ಕೊಂಬಿನ ಬುಡದಲ್ಲಿ ಗಾಯವಾಗಿ ಹುಳ ಬಿದ್ದಿದ್ದವು. ಎರಡು ದಿನದಿಂದ ಅದು ಮೇವು ಮುಟ್ಟಿರಲಿಲ್ಲ. ದೇವರ ಟಗರಿಗೆ ಭಂಡಾರ, ಅಂದರೆ ದೇವರ ಅರಿಸಿನಪುಡಿ, ಬಿಟ್ಟು ಬೇರೇನೂ ಹಚ್ಚಬಾರದು ಎಂಬುದು ನಮ್ಮ ಮನೆಯ ಕಟ್ಟು. ಹೀಗೇ ಬಿಟ್ಟರೆ ಅದು ಉಳಿಯುವಂತಿರಲಿಲ್ಲ.

ಕೆರೂರಿನ ನಮ್ಮ ಹಿತ್ತಲಲ್ಲಿ ನಾನು ಅಜವಾನದ, ಅಂದರೆ ಓಮದ, ಎಣ್ಣೆ ಇಳಿಸುತ್ತೇನೆ. ಉಗಿಹಂಡೆಯಲ್ಲಿ ಹತ್ತು ಕಿಲೋ ಕಾಳಿಗೆ ಉಗಿ ಹಾಯಿಸಿದರೆ ಕಾಲು ಲೀಟರ್ ಎಣ್ಣೆ. ಮೂಗಿನ ಹತ್ತಿರ ಹಿಡಿದರೆ ಸಾಕು, ಕಣ್ಣಲ್ಲಿ ನೀರು. ಹುಳ ಅದರ ಮುಂದೆ ನಿಲ್ಲುವುದಿಲ್ಲ.

“ಮಾವಾರ, ನಾಕು ಹನಿ ಹಚ್ಚೋಣ್ರಿ.”

“ಎಣ್ಣಿ ಮುಟ್ಟಿಸಿದ್ರ ಮುಡಿಪು ಕೆಡತೈತಿ, ಸವಿತಾ. ಸುಮ್ನಿರು.”

ತಂದಿದ್ದ ಶೀಶೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದೆ.

ಮರುದಿನ ಮುಂಜಾನೆ ಮಾಗಿಯ ಚಳಿಗೆ ಕೈ ಸೆಟೆಯುತ್ತಿತ್ತು. ಹಿಂದಿನ ದಿನ ಕಟ್ಟೆಯ ಮೇಲೆ ಮರೆತಿದ್ದ ಎಣ್ಣೆಯ ಶೀಶೆ ಎತ್ತಿದವಳು ಹಾಗೇ ನಿಂತುಬಿಟ್ಟೆ. ಒಳಗೆ ಕಲ್ಲುಸಕ್ಕರೆಯಂಥ ಬಿಳಿ ಹರಳುಗಳು ಒಂದರ ಮೈಮೇಲೊಂದು ಬೆಳೆದಿದ್ದವು. ಚಳಿಗೆ ಹೀಗಾಗುತ್ತದೆ, ಅದಕ್ಕೆ ಅಜವಾನದ ಹೂವು ಅನ್ನುತ್ತಾರೆ ಎಂದು ಎಣ್ಣೆ ಇಳಿಸುವ ತರಬೇತಿಯಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ಹಿಂದೆ ಬಂದು ನಿಂತಿದ್ದ ಮಾವ ಕೈ ಮುಗಿದರು. “ಬೀರಪ್ಪ ಎಣ್ಣಿ ತಗೊಂಡು ಭಂಡಾರ ಮಾಡ್ಯಾನ!”

ನಿಜ ಸಂಗತಿ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಚಿಟಿಕೆ ಹರಳು ಅರೆದು, ಹಿಡಿ ಭಂಡಾರದಲ್ಲಿ ಬೆರೆಸಿ ಕೊಟ್ಟೆ. ಅವರೇ ಗಾಯಕ್ಕೆ ತುಂಬಿದರು. ಸ್ವಲ್ಪ ಹೊತ್ತಿಗೆ ಹುಳಗಳು ಪಟಪಟನೆ ಉದುರಿದವು. ಮಧ್ಯಾಹ್ನ ಟಗರು ಮೇವಿಗೆ ಬಾಯಿ ಹಾಕಿತು.

ಅಷ್ಟರಲ್ಲಿ ಬಿಸಿಲಿಗೆ ಶೀಶೆಯ ಹರಳೆಲ್ಲ ಕರಗಿ ಮತ್ತೆ ಎಣ್ಣೆಯಾಗಿತ್ತು. ಮಾವ ಅದನ್ನು ನೋಡಿದರು, ಆಮೇಲೆ ನನ್ನನ್ನು.

“ನಿನಗ ಗೊತ್ತಿತ್ತೇನವಾ?”

“ಗೊತ್ತಿತ್ರಿ. ಚಳಿಗೆ ಹಂಗಾಗತೈತ್ರಿ. ತಪ್ಪಾತ್ರಿ.”

ಅವರು ಬೈಯಲಿಲ್ಲ. ಶೀಶೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

“ಹೊಟ್ಟಿನೋವಿಗೆ ಬಾಯಾಗ ಹಾಕ್ಕೊಳ್ಳೋ ಕಾಳಿನ್ಯಾಗ ಇಷ್ಟೆಲ್ಲಾ ಐತಿ! ಇದನ್ನ ಅದ್ರಾಗ ಇಟ್ಟಾವ ಯಾರು ಮತ್ತ?”

ಭಂಡಾರದ ಚೀಲ ಬಿಚ್ಚುತ್ತ ಹಿತ್ತಲಿಗೆ ನಡೆದರು. ಟಗರಿನ ಹಣೆಗೆ ಹಚ್ಚುವ ಹಾಗೆಯೇ ನನ್ನ ಉಗಿಹಂಡೆಗೂ ಭಂಡಾರ ಹಚ್ಚಿದರು.