ಶೋಕಿಲಾಲನ ರೇಜರ್

ಮೊಮ್ಮಗ ಕಪಿಲ ತಗಡಿನ ಟ್ರಂಕಿನ ತಳ ಕೆದಕಿ ಹಳೆಯ ರೇಜರನ್ನು ಹೊರತೆಗೆದಾಗ ಕಾಶೀರಾಮನ ಕೈಯಲ್ಲಿದ್ದ ಚಹಾ ಬಾಯಿಗೆ ಹೋಗದೆ ನಿಂತಿತು. ಹಿತ್ತಾಳೆಯ ಹಿಡಿ, ತಿರುಗಿಸಿದರೆ ಮೇಲೆ ತೆರೆದುಕೊಳ್ಳುವ ಬಾಗಿಲು, ಒಳಗೆ ಎರಡೂ ಕಡೆ ಹರಿತವಾದ ಬ್ಲೇಡು. ಊರು ಬಿಟ್ಟು ಬೀದರಿನ ಚಿದ್ರಿಗೆ ಬಂದಾಗ ಎಸೆಯಬೇಕೆಂದುಕೊಂಡು ಎಸೆಯದೆ ಉಳಿದ ಸಾಮಾನು ಅದು.

"ಅಜ್ಜಾ, ಹಿಂತಾದ್ದಕ್ಕ ಈಗ ಜನ ಹುಚ್ಚಾಗ್ಯಾರ! ನನಗ ಕಲಸರಿ. ಐತವಾರ ಸಾಯಗಾಂವದಾಗ ನಿಶ್ಚಯ ಅದಲ್ಲ, ಇದರಲೇ ಗಡ್ಡ ಮಾಡ್ಕೊಂಡು ಹೋಗ್ತೇನಿ."

"ಅದೆಲ್ಲ ಬ್ಯಾಡಪ. ಕಟಿಂಗ್ ಅಂಗಡಿಗಿ ಹೋಗು."

"ಅಂಗಡಿಗಿ ಯಾರರೆ ಹೋಗ್ತಾರ. ಇದು ಖಾನ್‌ದಾನಿ ಚೀಜ್!"

ಬ್ಯಾಂಕಿನಲ್ಲಿ ನೌಕರಿ ಮಾಡುವ ಬುದ್ಧಿವಂತ ಹುಡುಗ. ಗಡ್ಡ ಬಂದು ಹನ್ನೆರಡು ವರ್ಷವಾದ ಮೇಲೆ ಗಡ್ಡ ತೆಗೆಯುವುದನ್ನು ಕಲಿಯಲು ಹೊರಟಿದ್ದ. ಅವನ ಫೋನಿನಲ್ಲಿ ಯಾವ್ಯಾವುದೋ ದೇಶದವರು ಹತ್ತು ನಿಮಿಷ ನೊರೆ ಕಲಸಿ, ಕಣ್ಣು ಮುಚ್ಚಿ, ಮುಕ್ತಿ ಸಿಕ್ಕವರಂತೆ ಉಸಿರು ಬಿಡುತ್ತಿದ್ದರು. ಗಂಧದ ಸೋಪು, ಯಾವುದೋ ಕಾಡುಪ್ರಾಣಿಯ ಕೂದಲಿನ ಬ್ರಶ್ಶು, ಬ್ರಶ್ಶು ನೇತುಹಾಕಲು ಒಂದು ಸ್ಟ್ಯಾಂಡು ಎಲ್ಲ ಕೊರಿಯರ್‌ನಲ್ಲಿ ಬಂದಿದ್ದವು. ಇರುವುದು ಒಂದು ಹಿಡಿ ಗಡ್ಡ, ಅದಕ್ಕೆ ಇಷ್ಟೆಲ್ಲ ದರ್ಬಾರು.

ತಪ್ಪು ಕಾಶೀರಾಮನದೇ. ಕಪಿಲ ಏಳು ವರ್ಷದವನಿದ್ದಾಗ, "ಇದ್ಯಾಕ ತಗೊಂಡಿದ್ರಿ ಅಜ್ಜಾ?" ಎಂದು ಕೇಳಿದ್ದ. ಅಂಥ ಸಣ್ಣ ಹುಡುಗನಿಗೆ ಏನೆಂದು ಹೇಳುವುದು? "ಶೋಕಿಗಿ" ಎಂದುಬಿಟ್ಟಿದ್ದ. ಅವತ್ತಿನಿಂದ ಅಜ್ಜ ಶೋಕಿಲಾಲನಾದ. ಕೂಲಿ ಮಾಡಿ ಬೆನ್ನು ಬಾಗಿದವನಿಗೆ ಆ ಹೆಸರು ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು. ಈಗ ಕಪಿಲ ರೇಜರಿನ ಫೋಟೋ ಹಾಕಿ, 'ಔರಾದ ತಾಲೂಕಿನ ಮೊದಲ ಶೋಕಿಲಾಲ, ನನ್ನಜ್ಜ' ಎಂದು ಬರೆದಿದ್ದ. ಮದುವೆಯಾಗುವ ಹುಡುಗಿ ಸಪನಾ ಅದನ್ನು ಮನೆಮಂದಿಗೆಲ್ಲ ತೋರಿಸಿದ್ದಳು. ಐತವಾರ ನಾಲ್ಕು ಜನರ ಮುಂದೆ ಈ ಕಥೆಯನ್ನು ಕಪಿಲನೇ ಎದ್ದು ನಿಂತು ಹೇಳುವವನಿದ್ದ.

ಅಂದರೆ ತುಂಬಿದ ಮನೆಯಲ್ಲಿ ಕುಳಿತು ಆ ಸುಳ್ಳಿಗೆ ತಲೆಯಾಡಿಸಬೇಕು. ನಿಜ ಹೇಳಿದರೆ ನಿಶ್ಚಯಕ್ಕೆ ಬಂದವರ ಮುಂದೆ ಹುಡುಗನ ಮುಖ ಸಣ್ಣದಾಗುತ್ತದೆ, ಶೋಕಿಲಾಲನೂ ಇಲ್ಲವಾಗುತ್ತಾನೆ. ವಾರವಿಡೀ ಕಾಶೀರಾಮನಿಗೆ ಊಟ ರುಚಿಸಲಿಲ್ಲ.

ಅವನ ನಿಜವಾದ ಶೋಕಿ ಬೇರೆಯೇ ಇತ್ತು. ದಿನ ಬಿಟ್ಟು ದಿನ ದಾರಿಯಲ್ಲಿನ ಮೂರು ಸಲೂನು ದಾಟಿ ಕೈಲಾಶನ ಅಂಗಡಿಗೇ ಹೋಗುತ್ತಿದ್ದ. ಕೈಲಾಶ ಅವನ ಊರಿನ ಕ್ಷೌರಿಕನ ಮೊಮ್ಮಗ, ಹುಟ್ಟಿ ಬೆಳೆದದ್ದು ಬೀದರಿನಲ್ಲಿ. ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರೆ ಕಾಶೀರಾಮ ನವಾಬ. ಒಂದು ಸುತ್ತಿಗೇ ಗಲ್ಲ ನುಣ್ಣಗಾದರೂ "ಇನ್ನೊಂದು ಸುತ್ತು ಹಾಕು" ಎನ್ನುತ್ತಿದ್ದ. "ಕೂದಲೇ ಇಲ್ಲಲ್ರಿ ಯಜಮಾನ್ರ" ಎಂದು ನಗುತ್ತಲೇ ಕೈಲಾಶ ಮತ್ತೆ ನೊರೆ ಹಚ್ಚುತ್ತಿದ್ದ.

ಶನಿವಾರ ಮುಂಜಾನೆ ಬಚ್ಚಲಿನಿಂದ "ಅವ್ವಾ" ಎಂಬ ಕೂಗು ಕೇಳಿಸಿತು. ಆ ರೇಜರನ್ನು ಒತ್ತಬಾರದು, ಅದರ ಭಾರಕ್ಕೇ ಅದು ಜಾರಬೇಕು. ಫೋನಿನ ಗುರುಗಳು ಹೇಳಿದ್ದರೇನೋ, ಕಪಿಲನ ಕೈ ಕೇಳಿರಲಿಲ್ಲ. ಗಲ್ಲದ ಮೇಲೆ ಮೂರು ಗೀರು, ಗದ್ದದಲ್ಲಿ ಒಂದು, ಅರ್ಧ ಗಡ್ಡ ಹಾಗೇ ಇತ್ತು. ಕಾಶೀರಾಮ ಹುಡುಗನ ರಟ್ಟೆ ಹಿಡಿದು ಕೈಲಾಶನ ಅಂಗಡಿಗೆ ಎಳೆದುಕೊಂಡು ಹೋದ.

"ಅಯ್ಯಯ್ಯ, ಯಾರ ಕೆಲಸರಿ ಇದು?" ಎನ್ನುತ್ತ ಕೈಲಾಶ ರಕ್ತ ನಿಲ್ಲಲೆಂದು ಗೀರುಗಳಿಗೆ ಸ್ಫಟಿಕದ ಹರಳು ಒತ್ತಿದ.

ಕಾಶೀರಾಮನಿಗೆ ತಡೆಯಲಾಗಲಿಲ್ಲ. "ನಿಮ್ಮ ಮುತ್ಯಾಂದು" ಎಂದ.

"ನಮ್ಮ ಮುತ್ಯಾ? ಸತ್ತು ಇಪ್ಪತ್ತು ವರ್ಷ ಆತಲ್ರಿ!"

"ಅವ ನಮ್ಮ ಕೇರಿಯವರ್ನ ಮುಟ್ಟತಿದ್ದಿಲ್ಲ. ಗೌಡರ ಎಮ್ಮಿ ಮೈ ಬೋಳಸ್ತಿದ್ದ, ನಮ್ಮ ಗಲ್ಲ ಅಂದ್ರ ಮೈಲಿಗಿ. ನಮ್ಮಪ್ಪ ಕುಡಗೋಲಲೇ ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೋತಿದ್ದ. ಅದಕ್ಕ ನಾ ಠಾಣಾ ಕುಶನೂರದಿಂದ ಬಸ್ಸ ಹತ್ತಿ ಬೀದರಕ ಬಂದು ಆ ರೇಜರ ತಗೊಂಡೆ. ಕೇರಿ ಮಂದಿದೆಲ್ಲ ಗಡ್ಡ ನಾನೇ ಮಾಡ್ತಿದ್ದೆ. ಶೋಕಿ ಅಲ್ಲ ಕಪಿಲ್ಯಾ. ಬ್ಯಾರೆ ದಾರಿ ಇದ್ದಿಲ್ಲ."

ಕೈಲಾಶ ಮೈಮರೆತವನಂತೆ ಸ್ಫಟಿಕವನ್ನು ಒಂದೇ ಗೀರಿನ ಮೇಲೆ ತಿಕ್ಕುತ್ತಿದ್ದ. ಉರಿಯುತ್ತಿದ್ದರೂ ಕಪಿಲ ಹಾ ಎನ್ನಲಿಲ್ಲ.

ಉಳಿದರ್ಧ ಗಡ್ಡ ಮುಗಿದ ಮೇಲೆ ಕಪಿಲ ಮೆಲ್ಲಗೆ ಕೇಳಿದ. "ನಾಳೆ ಏನು ಹೇಳ್ಲಿ ಅಜ್ಜಾ?"

"ಇದೇ ಹೇಳು. ಕೇಳ್ಲಿ."

"ಮತ್ತ ಅಂಗಡಿಗಿ ಬಂದು ಎರಡೆರಡು ಸರ್ತಿ ಯಾಕ ಮಾಡಸ್ಕೋತೀರಿ?"

ಕಾಶೀರಾಮ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. "ಮೊದಲಿಂದು ನಂದು. ಎರಡನೇದು ನಮ್ಮಪ್ಪಂದು. ಸಾಯೋತನ ಅವನ ಗಲ್ಲಕ್ಕ ಇವರ ಮನಿಯವರ ಕೈ ಹತ್ತಲಿಲ್ಲ."

ಕಾಶೀರಾಮ ಕುರ್ಚಿಯಲ್ಲಿ ಕುಳಿತ, ಕೈಲಾಶ ಗಡ್ಡ ಮಾಡಿದ. ಒಂದು ಸುತ್ತು ಮುಗಿಯುತ್ತಲೇ, ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕೇಳಲು ನಾಚಿಕೆಯಾಗಿ, ಮುದುಕ ಹೆಗಲ ಬಟ್ಟೆ ಸರಿಸಿ ಏಳಲು ಹೋದ.

ಕೈಲಾಶ ಭುಜ ಹಿಡಿದು ಮತ್ತೆ ಕೂಡ್ರಿಸಿದ.

"ಕೂಡ್ರಿ" ಎಂದ, ಬಟ್ಟಲಲ್ಲಿ ಹೊಸ ನೊರೆ ಎಬ್ಬಿಸುತ್ತ. "ನಿಮ್ಮಪ್ಪಂದು ಇನ್ನಾ ಆಗಿಲ್ಲ."