ಬಾವಿಕಟ್ಟೆಯ ಹುಲ್ಲು

ಅವನನ್ನು ಊರೆಲ್ಲ ‘ಇನ್ನೊಂದು ಹಿಡಿ’ ಎಂದೇ ಕರೆಯುತ್ತಿತ್ತು. ಗೊಬ್ಬರದ ಚೀಲದ ಮೇಲೆ ಅಚ್ಚಾದ ಲೆಕ್ಕ ಜಿಪುಣರಿಗೆಂದು ಬರೆದದ್ದು ಎಂಬುದು ಅವನ ಖಚಿತ ಅಭಿಪ್ರಾಯ. ಮಣ್ಣಿಗೆಂದು ಕೈಗೆ ತೆಗೆದುಕೊಂಡದ್ದನ್ನು ಬುಟ್ಟಿಗೆ ವಾಪಸು ಹಾಕುವುದಂತೂ ಅವನ ಜಾಯಮಾನದಲ್ಲೇ ಇರಲಿಲ್ಲ. ಸಾಲು ಮುಗಿದಾಗ ಕೈಯಲ್ಲಿ ಉಳಿದದ್ದನ್ನು ಧಾರಾಳವಾಗಿ ಅಲ್ಲೇ ಎರಚಿಬಿಡುವನು. ಬೆಳೆಯೂ ಕಣ್ಣು ಕುಕ್ಕುವಷ್ಟು ಹಸಿರಾಗಿರುತ್ತಿತ್ತು, ಸುಳ್ಳು ಹೇಳಬಾರದು.

ಮಗಳಿಗೆ ಪಟ್ಟಣದಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ. ಎರಡು ತಿಂಗಳ ಕೂಸನ್ನು ತವರಿಗೆ ಕರೆತರುವ ಮೊದಲು ಮನೆಯ ಬಾವಿಯದೊಂದು, ಪಕ್ಕದವರ ಬಾವಿಯದೊಂದು ಬಾಟಲಿ ತರಿಸಿ ನೋಡಿದಳು. ಕೂಸಿನ ಬದಲು ಫೋನು ಬಂತು.

“ಅಪ್ಪಾ, ಗೊಬ್ಬರ ಎಲ್ಲ ನಮ್ಮ ಬಾವಿಗೆ ಇಳಿದಿದೆ. ಪಾಪುಗೆ ಈ ನೀರಲ್ಲಿ ಹಾಲಿನ ಪುಡಿ ಕಲಸೋ ಹಾಗಿಲ್ಲ.”

“ಕುದಿಸಿದ್ರಾಯ್ತು ಬಿಡೇ.”

“ಕುದಿಸಿದ್ರೆ ನೀರು ಆವಿಯಾಗತ್ತೆ, ಗೊಬ್ಬರದ ಅಂಶ ಹೋಗಲ್ಲ. ಕ್ಯಾನ್ ನೀರು ತರ್ತೀನಿ, ತಲೆ ಕೆಡಿಸ್ಕೋಬೇಡ.”

ಕ್ಯಾನ್ ನೀರು! ಅಪ್ಪ ತೋಡಿಸಿದ ಬಾವಿ ಕಣ್ಣೆದುರಿಗಿರುವಾಗ ಮೊಮ್ಮಗಳಿಗೆ ಅಂಗಡಿಯ ನೀರೇ? ಅವನಿಗೆ ಮುಖಕ್ಕೆ ಹೊಡೆದಂತಾಯಿತು. “ಬಾವಿ ಸರಿಹೋದ್ಮೇಲೇ ಪಾಪು ಈ ಮನೆಗೆ ಬರಲಿ,” ಎಂದುಬಿಟ್ಟ. “ಸರಿ, ಹಾಗೇ ಆಗಲಿ,” ಎಂದಳು ಮಗಳು. ಹಟದಲ್ಲಿ ಅವಳೇನು ಕಮ್ಮಿಯೇ!

“ನಿಮ್ಮಿಬ್ಬರ ಹಟಕ್ಕೆ ನನ್ನ ಮೊಮ್ಮಗಳೇ ಸಿಕ್ಕಿದ್ಲಾ?” ಎಂದು ಸಿಡುಕಿದ ಹೆಂಡತಿ ಕೂಸನ್ನು ನೋಡಲು ಮರುದಿನವೇ ಪಟ್ಟಣದ ಬಸ್ಸು ಹತ್ತಿದಳು.

ವಾರ ಕಳೆದು ಮಗಳೊಬ್ಬಳೇ ಬಂದು ಹೊಲ ಸುತ್ತಿದಳು. ಪಕ್ಕದವರ ಬಾವಿ ಇಷ್ಟು ಕೆಟ್ಟಿರಲಿಲ್ಲ, ನಮ್ಮದಕ್ಕೇನು ಬಂತು ಎಂಬುದೇ ಅವಳ ಪ್ರಶ್ನೆ. ಕೊನೆಗೆ ಬಾವಿಕಟ್ಟೆಯ ಬಳಿ ನಿಂತಳು. ಅಲ್ಲಿ ಹುಲ್ಲು ಸೊಂಟದೆತ್ತರ ಕೊಬ್ಬಿ ನಿಂತಿತ್ತು.

“ಅಪ್ಪಾ, ನಿನ್ನ ಸಾಲುಗಳೆಲ್ಲ ಎಲ್ಲಿ ಮುಗಿಯತ್ತೆ?”

ಅವನು ತಿರುಗಿ ನೋಡಿದ. ನಲವತ್ತು ಸಾಲು. ನಲವತ್ತೂ ಮುಗಿಯುವುದು ಬಾವಿಯ ಪಕ್ಕದಲ್ಲೇ. ಇಷ್ಟು ವರ್ಷ ಹಿಡಿ ಹಿಡಿಯಾಗಿ ಬಾವಿಗೆ ಉಣಿಸಿದವನು ತಾನೇ. ಅವನಿಗೆ ತುಂಬಾ ನಾಚಿಕೆಯಾಯಿತು.

ಅಂದಿನಿಂದ ಚೀಲದ ಲೆಕ್ಕವೇ ಲೆಕ್ಕ. ಬಾವಿಯ ಸುತ್ತ ಇಪ್ಪತ್ತು ಹೆಜ್ಜೆ ಜಾಗಕ್ಕೆ ಏನೂ ಹಾಕಲಿಲ್ಲ. ಕೊಯ್ಲಾದ ಹೊಲವನ್ನು ಬರಿದಾಗಿ ಬಿಡದೆ ಅಲಸಂದೆ ಬಿತ್ತಿ, ಹಸಿಯಿರುವಾಗಲೇ ಉತ್ತು ಮಣ್ಣಿಗೆ ಸೇರಿಸಿದ. ಸಾಲಿನ ಕೊನೆಗೆ ಬಂದಾಗ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು ಬುಟ್ಟಿಗೆ ಇಳಿಸುತ್ತಿದ್ದ. ಮೊದಲ ವರ್ಷದ ಬೆಳೆ ಪೇಲವವಾಗಿತ್ತು, ಊರು ನಕ್ಕಿತು. ಎರಡನೆಯ ವರ್ಷ ಗುದ್ದಲಿ ಹಾಕಿದಲ್ಲೆಲ್ಲ ಎರೆಹುಳು ಕಂಡವು, ಅವನು ನಕ್ಕ.

ಮೂರನೆಯ ಮಳೆಗಾಲ ಮುಗಿದ ಮೇಲೆ ಮತ್ತೊಂದು ಬಾಟಲಿ ಪಟ್ಟಣಕ್ಕೆ ಹೋಯಿತು. ಈ ಸಲ ಫೋನು ಬರಲಿಲ್ಲ. ಮಗಳೇ ಬಂದಳು, ಮಗುವನ್ನು ಕೈಹಿಡಿದು ನಡೆಸಿಕೊಂಡು.

ಅವನು ನೀರು ಸೇದಿ, ಲೋಟ ತುಂಬಿಸಿ ಕೊಟ್ಟ. ಮಗು ಅರ್ಧ ಕುಡಿದು, ಅರ್ಧ ಫ್ರಾಕಿನ ಮೇಲೆ ಚೆಲ್ಲಿಕೊಂಡು, ಖಾಲಿ ಲೋಟ ಮುಂದೆ ಹಿಡಿಯಿತು.

“ತಾತಾ, ಇನ್ನೊಂದು!”

“ನಿಮ್ಮ ಮೊಮ್ಮಗಳೇ ರೀ, ಅನುಮಾನವೇ ಬೇಡ,” ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವನ ಕಣ್ಣು ತುಂಬಿ ಬಂದಿತ್ತು. ಕೊಡದಲ್ಲಿ ಇನ್ನೂ ನೀರಿತ್ತು. ಆದರೂ ಅವನು ಹಗ್ಗಕ್ಕೆ ಕೈಹಾಕಿ ಹೊಸದಾಗಿ ಸೇದಿದ.